ಎದುರುಮನೆ ಹೊಂಗೆ, ಪೇಪರಿನ ಸುರಂಗ

— ಪೇಪರ್ ಓದಿ ಆಗಿದ್ರೆ ನೆಟ್ಟಗೆ ಮಡಿಚಿಡಪ್ಪ. ನಿಮ್ಮ ಚಿಕ್ಕಪ್ಪ ಎದ್ದ ತಕ್ಷಣ ಕೇಳೋದೇ ಅದನ್ನ. ಪದಬಂಧದ ಪುಟ ಮುದುರಿದ್ರೆ ಮಧ್ಯಾಹ್ನದವರೆಗೂ ಮಾತಾಡಲ್ಲ. ಅದಿರಲಿ, ಭಾನುವಾರ ಬೆಳಿಗ್ಗೆ ಯಾಕೆ ಮುಖ ಗಂಟು ಹಾಕ್ಕೊಂಡಿದ್ದೀ?

— ಅದೇ ಸುರಂಗ ರಸ್ತೆ, ಚಿಕ್ಕಮ್ಮ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ನೆಲದೊಳಗೆ ಹದಿನಾರು ಚಿಲ್ಲರೆ ಕಿಲೋಮೀಟರು. ಒಬ್ಬರು ಬೇಕೇ ಬೇಕು ಅಂತಾರೆ, ಇನ್ನೊಬ್ಬರು ಬೇಡವೇ ಬೇಡ ಅಂತಾರೆ. ಲಾಲ್‌ಬಾಗಿನ ಜಾಗ ತಗೋತಾರೆ ಅಂತ 2025ರಲ್ಲಿ ಆದ ಗಲಾಟೆ ನೆನಪಿದೆಯಲ್ಲ. ನಾನು ಹೆಬ್ಬಾಳದಲ್ಲಿರೋನು, ಆಫೀಸು ಎಲೆಕ್ಟ್ರಾನಿಕ್ ಸಿಟಿ. ನಿಜ ಹೇಳ್ಲಾ? ನನಗೆ ಬೇಕು ಅನ್ನಿಸುತ್ತೆ.

— ಅನ್ನಿಸಲಿ. ದಿನಾ ರಸ್ತೇಲಿ ಕೂತು ಬೇಯೋನಿಗೆ ಅನ್ನಿಸದೆ ಇನ್ಯಾರಿಗೆ ಅನ್ನಿಸಬೇಕು? ಲೋಟ ತಗೋ, ಕಾಫಿ ಆರಿಹೋಗುತ್ತೆ. ಬಾ, ಹೊರಗೆ ಕಟ್ಟೆ ಮೇಲೆ ಕೂತ್ಕೊಳ್ಳೋಣ. ಎದುರುಮನೆ ಹೊಂಗೆ ಏನು ಮಾಡಿದೆ ಅಂತ ನೋಡಬೇಕು ನಾನು.

— ಮರ ಏನು ಮಾಡುತ್ತೆ ಚಿಕ್ಕಮ್ಮ, ನಿಂತಿರುತ್ತೆ.

— ಹೋದ ಸಲ ನೀನು ಬಂದಾಗ ಅದರ ಕೊಂಬೇಲಿ ಎಲೆ ಎಷ್ಟಿತ್ತು, ಹೇಳು.

— ಗೊತ್ತಿಲ್ಲ. ಅದರ ಕೆಳಗೇ ಗಾಡಿ ನಿಲ್ಲಿಸಿದ್ದೆ ಅನ್ನೋದು ಮಾತ್ರ ಗೊತ್ತು.

— ಒಂದೂ ಇರಲಿಲ್ಲ. ಬೋಳು ಕೊಂಬೆ, ತುದೀಲಿ ಒಣಗಿದ ಕಾಯಿ. ನಿನ್ನ ಕಾರಿನ ಮೇಲೆ ಬಿದ್ದಿದ್ದೂ ಅದೇ ಕಾಯಿ, ಬೈಕೊಂಡು ಒರೆಸಿದೆಯಲ್ಲ. ಈಗ ನೋಡು, ತುಂಬ ಚಿಗುರು. ಬಿಸಿಲು ಬಿದ್ರೆ ಎಣ್ಣೆ ಸವರಿದ ಹಾಗೆ ಹೊಳೆಯುತ್ತೆ. ಇನ್ನು ಸ್ವಲ್ಪ ದಿನಕ್ಕೆ ಹೂವು ಬಿಟ್ಟು ಉದುರೋಕೆ ಶುರುವಾಗುತ್ತೆ, ಜೇನುಹುಳ ಬರುತ್ತೆ. ಗುಡಿಸೋ ಹೆಂಗಸು ಬೈಯ್ತಾಳೆ, ನಾನು ಅವಳಿಗೆ ಕಾಫಿ ಕೊಟ್ಟು ಸಮಾಧಾನ ಮಾಡ್ತೀನಿ. ಯುಗಾದಿ ಹತ್ತಿರ ಬಂತು ಅಂತ ನನಗೆ ಗೊತ್ತಾಗೋದೇ ಹೀಗೆ. ಕ್ಯಾಲೆಂಡರ್ ನೋಡೋದು ಆಮೇಲೆ.

— ಇದನ್ನೆಲ್ಲ ನೀವು ಬರೆದಿಡ್ತೀರಂತೆ? ಚಿಕ್ಕಪ್ಪ ಹೇಳಿದ್ರು.

— ಅವರಿಗೆ ತಮಾಷೆ ಅದು. ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಡ್ತಾರಲ್ಲ ಡೈರಿ, ಅದರಲ್ಲೇ ಬರೀತೀನಿ. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ತಾರೀಕು, ನಿಮ್ಮ ಚಿಕ್ಕಪ್ಪನ ಬಿ.ಪಿ., ಅದರ ಪಕ್ಕದಲ್ಲೇ ‘ಮೂಲೆ ಮನೆ ಆಕಾಶಮಲ್ಲಿಗೆ ಮೊದಲ ಹೂ’. ಮರಕ್ಕೆ ಅಂತ ಬೇರೆ ಪುಸ್ತಕ ಇಟ್ಟಿದ್ರೆ ಎಂದೋ ಬಿಟ್ಟುಹೋಗ್ತಿತ್ತು. ಹಾಲಿನ ಲೆಕ್ಕ ಬರೀಲೇಬೇಕಲ್ಲ, ಅದರ ಜೊತೆ ಇದೂ ನಡೀತಾ ಬಂತು.

— ಇದಕ್ಕೂ ಆ್ಯಪ್ ಇದೆ ಗೊತ್ತಾ? ಸೀಸನ್‌ವಾಚ್ ಅಂತ. ದೇಶದ ಎಲ್ಲ ಕಡೆಯಿಂದ ಜನ ತಾವು ಆರಿಸ್ಕೊಂಡ ಮರ ನೋಡಿ, ಎಲೆ ಎಷ್ಟು, ಮೊಗ್ಗು ಎಷ್ಟು, ಕಾಯಿ ಎಷ್ಟು ಅಂತ ವಾರವಾರ ಬರೀತಾರೆ. ಕೇರಳದ ಶಾಲೆಮಕ್ಕಳೇ ಜಾಸ್ತಿ. ಹವಾಮಾನ ಬದಲಾದ ಹಾಗೆ ಹೂ ಬಿಡೋ ಕಾಲ ಹಿಂದೆ ಮುಂದೆ ಆಗ್ತಿದೆಯಾ ಅಂತ ನೋಡೋಕೆ ಇಂಥ ಲೆಕ್ಕವೇ ಬೇಕಂತೆ.

— ಹಾಗಾದ್ರೆ ನನ್ನ ಹಳೇ ಡೈರಿ ರದ್ದಿಗೆ ಹಾಕಬೇಡಿ ಅಂತ ನಿಮ್ಮ ಚಿಕ್ಕಪ್ಪನಿಗೆ ನೀನೇ ಹೇಳು. ಆ್ಯಪನ್ನೂ ಫೋನಿಗೆ ಹಾಕಿಕೊಡು. ಕನ್ನಡದಲ್ಲಿದ್ರೆ ಒಳ್ಳೇದು.

— ಆದ್ರೂ ಒಂದು ಮಾತು ಚಿಕ್ಕಮ್ಮ. ನೀವು ಹೊಂಗೆ ಹೊಂಗೆ ಅಂತೀರಿ, ಅದರ ಹೂ ಯಾರ ಕಣ್ಣಿಗೆ ಬೀಳುತ್ತೆ? ಫೆಬ್ರವರೀಲಿ ಟಬೂಬಿಯಾ ನೋಡಬೇಕು. ನಮ್ಮ ಆಫೀಸಿನೋರು ಅದನ್ನ ನೋಡೋಕೆ ಅಂತಲೇ ದಾರಿ ಬದಲಿಸ್ತಾರೆ. ನಾನೂ ಫೋಟೊ ತೆಗೆದು ಹಾಕಿದ್ದೆ, ನೋಡಿದ್ರಲ್ಲ?

— ನೋಡಿದೆ. ಚೆನ್ನಾಗಿತ್ತು. ಹಾರ್ಟು ಒತ್ತಿದ್ನಲ್ಲ. ಆಮೇಲೆ ಆ ಮರ ನೋಡೋಕೆ ಹೋದ್ಯಾ? ಹೂ ಉದುರಿದ ಮೇಲೆ?

— ಹೂ ಉದುರಿದ ಮೇಲೆ ನೋಡೋಕೆ ಏನಿರುತ್ತೆ?

— ಅಲ್ಲೇ ನಿನಗೂ ನನಗೂ ಇರೋ ವ್ಯತ್ಯಾಸ. ಹತ್ತು ದಿನ ಹೂ ನೋಡೋದು ಹೂವಿನ ಚಟ. ಅದೂ ಬೇಕು, ಬೇಡ ಅನ್ನಲ್ಲ. ಮಿಕ್ಕ ದಿನ ಆ ಮರ ಏನು ಮಾಡುತ್ತೆ ಅಂತ ನೋಡೋದು ನನ್ನ ಚಟ. ಟಬೂಬಿಯಾ ನಮ್ಮ ಕಡೇದೇ ಅಲ್ಲ, ಅಮೆರಿಕಾ ಖಂಡದ ಬಿಸಿಲು ನಾಡಿಂದ ಬಂದಿದ್ದು. ಗುಲ್‌ಮೊಹರು ಮಡಗಾಸ್ಕರಿಂದ, ಜಕರಾಂಡ ದಕ್ಷಿಣ ಅಮೆರಿಕಾದಿಂದ. ಕಬ್ಬನ್ ಪಾರ್ಕಲ್ಲಿ ಕೊಡೆ ಹಿಡಿದು ನಿಂತಿರೋ ಮಳೆಮರವೂ ಆ ಕಡೇದೇ. ನಾವು ‘ನಮ್ಮೂರ ಮರ’ ಅಂತ ಹಚ್ಚಿಕೊಂಡಿರೋದ್ರಲ್ಲಿ ಅರ್ಧ ಹೊರಗಿನವು.

— ಹೊರಗಿನವರು ಅಂತ ನನ್ನ ಆಫೀಸಲ್ಲಿ ಮಾತು ಶುರುವಾದ್ರೆ ಜಗಳವೇ ಆಗುತ್ತೆ.

— ನಾನು ಜಗಳಕ್ಕೆ ಹೇಳ್ತಿಲ್ಲ. ಬಂದು ಬೇರು ಬಿಟ್ಟು ನೆರಳು ಕೊಡ್ತಿದ್ರೆ ಅದು ಈ ಊರಿನದೇ. ಬಂದಿದ್ದು ಹೇಗೆ ಅನ್ನೋದು ಗೊತ್ತಿರಬೇಕು ಅಷ್ಟೆ. ಗಾಳಿಗೆ ಹಾರಿ ಬಂದು ಹುಟ್ಟಿದ್ದಲ್ಲ ಇವು, ಯಾರೋ ಕೂತು ಲೆಕ್ಕ ಹಾಕಿ ನೆಡಿಸಿದ್ದು. ಕ್ರುಂಬಿಗಲ್ ಅಂತ ಕೇಳಿದ್ದೀಯಾ?

— ಲಾಲ್‌ಬಾಗ್ ಪಕ್ಕದ ರಸ್ತೆ ಹೆಸರಲ್ವಾ ಅದು?

— ಅದೇ ಮನುಷ್ಯ. ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಜರ್ಮನಿಯವರು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಾ ಮಹಾರಾಜರ ತೋಟಗಳಿಗೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ, ನಮ್ಮ ಲಾಲ್‌ಬಾಗಿಗೆ ಬಂದ್ರು. ಒಂದು ಜಾತಿ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷದಲ್ಲಿ ಯಾವಾಗ ಬೀದಿಗೆ ಬಂದ್ರೂ ಯಾವುದಾದ್ರೂ ಮರ ಹೂ ಬಿಟ್ಟಿರಬೇಕು, ಹಾಗೆ ಸಾಲುಮರ ನೆಡೋ ಯೋಚನೆ ಅವರದು. ಸಂಕ್ರಾಂತಿ ಆಸುಪಾಸಿಗೆ ಗುಲಾಬಿ ಟಬೂಬಿಯಾ, ಶಿವರಾತ್ರಿ ಹೊತ್ತಿಗೆ ಹಳದಿ, ಅದರ ಬೆನ್ನಿಗೇ ನೇರಳೆ ಜಕರಾಂಡ, ಯುಗಾದಿಗೆ ನಮ್ಮ ಹೊಂಗೆ, ಮೇ ತಿಂಗಳಿಗೆ ಗುಲ್‌ಮೊಹರು, ಹೊಳೆದಾಸವಾಳ, ಕಕ್ಕೆ. ಮಳೆ ಕಳೆದು ದೀಪಾವಳಿ ಬಂದ್ರೆ ಆಕಾಶಮಲ್ಲಿಗೆ. ರಾತ್ರಿ ಊಟ ಆದ ಮೇಲೆ ಓಡಾಡೋಕೆ ಹೋದ್ರೆ ತಲೆ ಮೇಲೆ ಬೀಳುತ್ತೆ, ಬೀದಿಯೆಲ್ಲ ಘಮಘಮ. ಇದನ್ನೆಲ್ಲ ಅವರೊಬ್ಬರೇ ನೆಟ್ಟರು ಅಂತಲ್ಲ. ಅವರು ಹಾಕಿಕೊಟ್ಟ ದಾರೀಲಿ ಆಮೇಲಿನವರೂ ನೆಟ್ಟರು.

— ಇಲ್ಲೇ ಇದ್ದುಬಿಟ್ರಾ?

— 1956ರಲ್ಲಿ ಬೆಂಗಳೂರಲ್ಲೇ ತೀರಿಕೊಂಡ್ರು. ಹೊಸೂರು ರಸ್ತೆ ಸ್ಮಶಾನದಲ್ಲಿ ಸಮಾಧಿ ಇದೆ. ಮಹಾಯುದ್ಧ ಬಂದಾಗ ಜರ್ಮನ್ ಅಂತ ಬ್ರಿಟಿಷರು ಬಂಧನದಲ್ಲಿ ಬೇರೆ ಇಟ್ಟಿದ್ರು. ಅಷ್ಟಾದ್ರೂ ಊರು ಬಿಟ್ಟು ಹೋಗಲಿಲ್ಲ ಪುಣ್ಯಾತ್ಮ. ಅವರಿಗಿಂತ ಮುಂಚೆ ಲಾಲ್‌ಬಾಗ್ ನೋಡ್ಕೋತಿದ್ದ ಕ್ಯಾಮರೂನ್ ಸಾಹೇಬರು ತಂದು ಬೆಳೆಸಿದ್ದು ಸೀಮೆಬದನೆಕಾಯಿ ಅಂತಾರೆ. ಮಧ್ಯಾಹ್ನ ಹುಳಿಗೆ ಅದನ್ನೇ ಹಾಕ್ತೀನಿ, ತಟ್ಟೆ ಅಂಚಿಗೆ ತಳ್ಳಬೇಡ.

— ಸರಿ, ರಾಜರ ಕಾಲದ ಕಥೆ ಇದು. ಆಮೇಲೆ ಊರು ಹತ್ತು ಪಟ್ಟು ಬೆಳೀತಲ್ಲ. ಈ ಜಯನಗರವೇ ಸ್ವಾತಂತ್ರ್ಯ ಬಂದ ಮೇಲೆ ಆದದ್ದು. ಇಲ್ಲಿ ಮರ ನೆಟ್ಟೋರು ಯಾರು?

— ಈ ಪ್ರಶ್ನೆ ಕೇಳಿದ್ಯಲ್ಲ, ಸಂತೋಷ. ಕ್ರುಂಬಿಗಲ್ ಹೆಸರು ಈಚೆಗೆ ಎಲ್ಲರ ಬಾಯಲ್ಲೂ ಬರುತ್ತೆ, ಎಸ್.ಜಿ. ನೇಗಿನಹಾಳ ಅಂದ್ರೆ ಎಷ್ಟು ಜನಕ್ಕೆ ಗೊತ್ತು? ಅರಣ್ಯ ಇಲಾಖೆ ಅಧಿಕಾರಿ. 1980ರ ದಶಕದಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ, ಬಡಾವಣೆಗಳಲ್ಲಿ ಅವರ ಮುಂದಾಳ್ತನದಲ್ಲಿ ನೆಟ್ಟ ಸಸಿ ಸುಮಾರು ಹದಿನೈದು ಲಕ್ಷ. ಗುಂಡೂರಾಯರು ಮುಖ್ಯಮಂತ್ರಿ ಆಗಿದ್ದಾಗ ಶುರುವಾದ ಕೆಲಸ ಅದು. ನಾನು ಆಗ ಬಸ್‌ಸ್ಟಾಪಲ್ಲಿ ನಿಂತು ನೋಡ್ತಿದ್ದೆ, ಎಳೇ ಸಸಿಗೆ ಮುಳ್ಳು ಕಟ್ಟಿ, ಕೋಲು ನಿಲ್ಲಿಸಿ, ಟ್ಯಾಂಕರಲ್ಲಿ ನೀರು ಹಾಕೋರು. ದನ ತಿಂದುಹಾಕುತ್ತೆ ಬಿಡು ಅಂದ್ಕೊಂಡಿದ್ವಿ. ಈಗ ನೀನು ಬಿಸಿಲು ತಾಗದ ಹಾಗೆ ಗಾಡಿ ನಿಲ್ಲಿಸೋ ಎಷ್ಟೋ ಮರ ಆ ಕಾಲದವು. 2021ರ ಮೇ ತಿಂಗಳಲ್ಲಿ ಅವರು ತೀರಿಕೊಂಡ್ರು. ಆಸ್ಪತ್ರೆ ಮುಂದೆ ಆಕ್ಸಿಜನ್‌ಗೆ ಜನ ಸಾಲು ನಿಂತಿದ್ದ ಕಾಲ. ಮರುದಿನ ಪೇಪರಲ್ಲಿ ನಾಲ್ಕು ಸಾಲು ಓದಿ ನನಗೆ ತುಂಬ ಹೊತ್ತು ಏನೂ ಮಾಡೋಕೆ ಆಗಲಿಲ್ಲ.

— ಸಾಲುಮರದ ತಿಮ್ಮಕ್ಕ ಹೋದಾಗ ಮಾತ್ರ ಟಿವಿ ತುಂಬ ಅದೇ ಇತ್ತು.

— 2025ರ ನವೆಂಬರ್. ಹುಲಿಕಲ್ಲಿಂದ ಕುದೂರಿನ ದಾರೀಲಿ ಗಂಡ ಹೆಂಡ್ತಿ ಸೇರಿ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಹಾಕಿ ಬೆಳೆಸಿದ್ದು. ಅದಕ್ಕೆ ಒಂದು ವರ್ಷ ಮುಂಚೆ, 2024ರ ಡಿಸೆಂಬರಲ್ಲಿ ಅಂಕೋಲಾ ಕಡೆಯ ತುಳಸಿ ಗೌಡರು ಹೋದ್ರು. ಇಬ್ಬರಿಗೂ ಪದ್ಮಶ್ರೀ ಕೊಟ್ಟರು, ಸರಿಯಾದ ಕೆಲಸ. ಆದ್ರೆ ಟಿವೀಲಿ ‘ಎಷ್ಟು ಮರ ನೆಟ್ಟರು’ ಅಂತ ಮಾತ್ರ ಹೇಳ್ತಾರೆ, ನೀರು ಹೊತ್ತದ್ದನ್ನ ಒಂದೇ ಉಸಿರಲ್ಲಿ ಹೇಳಿ ಮುಗಿಸ್ತಾರೆ. ನೆಡೋದು ಒಂದು ಬೆಳಗಿನ ಕೆಲಸ ಕಣೋ. ಜೂನ್ ಐದಕ್ಕೆ ಯಾರು ಬೇಕಾದ್ರೂ ನೆಡ್ತಾರೆ, ಫೋಟೊನೂ ಬರುತ್ತೆ. ಮುಂದಿನ ಮಾರ್ಚಲ್ಲಿ ನೀರು ಹಾಕೋರು ಬೇಕು. ಅದಕ್ಕೇ ನನಗೆ ಈ ‘ಒಂದು ಮರ ಕಡಿದ್ರೆ ಹತ್ತು ಸಸಿ ನೆಡ್ತೀವಿ’ ಅನ್ನೋ ಮಾತು ಕೇಳಿದ್ರೆ ಮೈ ಉರಿಯುತ್ತೆ. ಎಲ್ಲಿ ನೆಟ್ರಿ, ಎಷ್ಟು ಬದುಕಿದೆ ಅಂತ ತೋರಿಸಿ ಅಂದ್ರೆ ಉತ್ತರ ಇರಲ್ಲ.

— ಬಂದ್ರಲ್ಲ ಕಡಿಯೋ ಮಾತಿಗೆ. ನಾನು ಕಾಯ್ತಾ ಇದ್ದೆ. ಈಗ ಹೇಳಿ ಚಿಕ್ಕಮ್ಮ, ಸುರಂಗ ಅಂದ್ರೆ ನೆಲದ ಒಳಗೆ ಹೋಗೋದು. ಮೇಲಿನ ಮರಕ್ಕೇನು ಆಗುತ್ತೆ? ಫ್ಲೈಓವರ್ ಕಟ್ಟಿದ್ರೆ ಎರಡೂ ಕಡೆ ಸಾಲು ಸಾಲು ಹೋಗ್ತಿತ್ತು. ಮರ ಬೇಕು ಅನ್ನೋರೇ ಸುರಂಗ ಬೇಕು ಅನ್ನಬೇಕಲ್ವಾ?

— ಸುರಂಗಕ್ಕೆ ಬಾಯಿ ಬೇಕಲ್ಲಪ್ಪ. ಹೊಟ್ಟೆ ನೆಲದೊಳಗೆ, ಬಾಯಿ ನೆಲದ ಮೇಲೆ. ಹತ್ತೋಕೆ ಇಳಿಯೋಕೆ ದಾರಿ ಬೇಕು, ಯಂತ್ರ ಇಳಿಸೋಕೆ ಜಾಗ ಬೇಕು, ತೆಗೆದ ಮಣ್ಣು ಹಾಕೋಕೆ ಬೇಕು. ಮನೆ ಅಂಗಡಿ ಒಡೆಯೋಕೆ ಹೋದ್ರೆ ಪರಿಹಾರ ಕೊಡಬೇಕು, ಕೋರ್ಟು ಕಚೇರಿ ಅಲೀಬೇಕು. ಖಾಲಿ ಕಾಣೋದು ಯಾವುದು? ಪಾರ್ಕು, ಕೆರೆ ಅಂಗಳ, ತೋಟ. ನಕ್ಷೆ ಮೇಲೆ ಹಸಿರು ಬಣ್ಣ ಇದ್ರೆ ಸಾಕು, ಅಲ್ಲಿಗೇ ಬೆರಳು ಹೋಗುತ್ತೆ. ಲಾಲ್‌ಬಾಗಿನ ಹೆಸರು ಬಂದದ್ದು ಹಾಗೇ. ಹೈದರಾಲಿ 1760ರಲ್ಲಿ ಶುರುಮಾಡಿದ ತೋಟ, ಒಳಗಿರೋ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು. ಅದನ್ನ ಖಾಲಿ ಜಾಗ ಅಂದ್ರೆ ಏನು ಹೇಳೋದು?

— ಆದ್ರೆ ನಿಮ್ಮ ಮೆಟ್ರೊ? ಜಯನಗರದಿಂದ ಮಲ್ಲೇಶ್ವರದ ನಿಮ್ಮ ಅಕ್ಕನ ಮನೆಗೆ ಅದರಲ್ಲೇ ತಾನೆ ಹೋಗ್ತೀರಿ? ಅದಕ್ಕೂ ಮರ ಕಡಿದ್ರಲ್ಲ, ಇಲ್ಲೇ, ನಂದಾ ರಸ್ತೇಲಿ.

— ಕಡಿದ್ರು. 2009ರಲ್ಲಿ. ಜನ ಬಂದು ಅಡ್ಡ ನಿಂತ್ರು, ಪೊಲೀಸರು ಬಂದ್ರು. ನಡುವಿನ ಲಕ್ಷ್ಮಣ್ ರಾವ್ ಪಾರ್ಕು ಹೇಗಿತ್ತು ಅಂತ ನೀನು ನೋಡಿಲ್ಲ, ಚಿಕ್ಕೋನು. ಎರಡೂ ಕಡೆ ರಸ್ತೆ, ಮಧ್ಯೆ ಉದ್ದಕ್ಕೂ ಮರದ ಕೆಳಗೆ ನಡೆಯೋ ದಾರಿ. ಹೋಯ್ತು. 2017ರಲ್ಲಿ ಅದರ ಮೇಲೆ ರೈಲು ಓಡ್ತು. ಮೊದಲ ಸಲ ಹತ್ತಿದಾಗ ಕಿಟಕಿ ಕಡೆ ನೋಡಲೇ ಇಲ್ಲ ನಾನು. ಎರಡನೇ ಸಲ ಸೀಟು ಸಿಗ್ತು, ಕೂತೆ. ಈಗ ಮಂಡಿನೋವಿನ ಕಾಲಿಗೆ ಅದಿಲ್ಲದೆ ಮಲ್ಲೇಶ್ವರವೇ ಇಲ್ಲ. ಇಳಿಯೋ ಸ್ಟೇಷನ್ ಹೆಸರಲ್ಲಿ ಸಂಪಿಗೆ ಬೇರೆ ಇದೆ, ನೋಡು ತಮಾಷೆ.

— ಹಾಗಾದ್ರೆ ಆಗ ಅಡ್ಡ ನಿಂತಿದ್ದು ತಪ್ಪು ಅಂತಾಯ್ತು.

— ಅಲ್ಲ. ಅಡ್ಡ ನಿಂತದ್ದಕ್ಕೇ ಆಮೇಲಿನವರು ಮರ ಲೆಕ್ಕ ಹಾಕೋದು, ಅರ್ಜಿ ಹಾಕೋದು, ಸಾಧ್ಯವಾದ್ರೆ ಬೇರುಸಮೇತ ಕಿತ್ತು ಬೇರೆ ಕಡೆ ನೆಡೋದು, ಇದೆಲ್ಲ ಕಲಿತ್ರು. ಮೆಟ್ರೊಗೂ ಇದಕ್ಕೂ ಒಂದೇ ತಕ್ಕಡಿ ಹಿಡಿಯೋಕೆ ನಾನು ಒಪ್ಪಲ್ಲ. ಮೆಟ್ರೊದಲ್ಲಿ ನಾನೂ ಹೋಗ್ತೀನಿ, ನಮ್ಮನೆ ಕೆಲಸದ ಹುಡುಗೀನೂ ಹೋಗ್ತಾಳೆ, ಕಾಲೇಜು ಮಕ್ಕಳೂ ಹೋಗ್ತಾರೆ. ಸುರಂಗ ರಸ್ತೆ ಟೋಲ್ ಕೊಟ್ಟು ಹೋಗೋ ದಾರಿ ಅಂತ ತಾನೆ ಯೋಜನೆ? ಹದಿನೇಳು ಸಾವಿರ ಕೋಟಿ ಮೇಲೆ ಖರ್ಚು ಮಾಡಿ ಯಾರನ್ನ ದಾಟಿಸ್ತೀರಿ ಅಂತ ಕೇಳಬೇಕಲ್ವಾ? ಅಷ್ಟು ದುಡ್ಡಿಗೆ ನಿನ್ನ ಹೆಬ್ಬಾಳಕ್ಕೆ ರೈಲು, ಬಸ್ಸು ಎಷ್ಟು ಬರಬಹುದು ಅಂತ ಲೆಕ್ಕ ಹಾಕು, ನೀನು ಓದಿದೋನು.

— ರೈಲು ಬರೋವರೆಗೂ ನಾನು ಮೇಖ್ರಿ ಸರ್ಕಲಲ್ಲಿ ಕೂತಿರಬೇಕಲ್ಲ ಚಿಕ್ಕಮ್ಮ. ಆರ್.ವಿ. ರೋಡಿಂದ ಮೆಟ್ರೊದ ಹಳದಿ ಮಾರ್ಗ ಶುರುವಾಯ್ತು ಅಂತ ಎಲ್ಲರೂ ಖುಷಿಪಟ್ರು. ನಾನು ಆರ್.ವಿ. ರೋಡಿಗೆ ಬರೋ ಹೊತ್ತಿಗೆ ಅರ್ಧ ದಿನ ಸವೆದಿರುತ್ತೆ. ನಿಮ್ಮದು ರಿಟೈರಾದವರ ಪ್ರೀತಿ. ಕಟ್ಟೆ ಮೇಲೆ ಕೂತು ಚಿಗುರು ನೋಡೋಕೆ ನಿಮಗೆ ಸಮಯ ಇದೆ. ನನಗೆ ಇರೋದು ಭಾನುವಾರ ಒಂದೇ.

— ಇದು ನ್ಯಾಯವಾದ ಮಾತು. ಇದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಮೇಖ್ರಿ ಸರ್ಕಲಲ್ಲಿ ನಿಂತಾಗ ಏನು ನೋಡ್ತೀ?

— ಫೋನು. ಸುದ್ದಿ, ಕ್ರಿಕೆಟ್ಟು, ಯಾರ್ಯಾರದೋ ಜಗಳ. ಸುದ್ದಿ ನೋಡೋದೇ ನನ್ನ ಹವ್ಯಾಸ ಆಗಿಹೋಗಿದೆ ಅಂತ ಹೆಂಡ್ತಿ ಬೈಯ್ತಾಳೆ. ಎಲ್ಲ ಗೊತ್ತಿರುತ್ತೆ, ಸಂಜೆ ಹೊತ್ತಿಗೆ ಒಂದೂ ನೆನಪಿರಲ್ಲ.

— ನೆನಪಿರಲ್ಲ, ಯಾಕೆ ಅಂದ್ರೆ ಅದರಲ್ಲಿರೋದೆಲ್ಲ ಸಂಖ್ಯೆ. ‘ಯೋಜನೆಗೆ ಎಂಟುನೂರು ಮರ ಬಲಿ’ ಅಂತ ಓದ್ತೀ, ಬೆರಳು ಮೇಲೆ ಹೋಗುತ್ತೆ, ಮುಂದೆ ಸ್ಕೋರು ಬರುತ್ತೆ. ಆ ಎಂಟುನೂರರಲ್ಲಿ ನೀನು ದಿನಾ ನೋಡಿದ ಒಂದು ಮರ ಇತ್ತು ಅಂದ್ಕೋ. ಅದು ಯಾವಾಗ ಚಿಗುರುತ್ತೆ, ಯಾವ ಕೊಂಬೇಲಿ ಹದ್ದು ಗೂಡು ಕಟ್ಟುತ್ತೆ ಅಂತ ನಿನಗೆ ಗೊತ್ತು ಅಂದ್ಕೋ. ಆಗ ಆ ಸುದ್ದಿ ಹಾಗೆ ದಾಟಿಹೋಗಲ್ಲ. ನನ್ನ ಡೈರಿಯಿಂದ ಆದ ಲಾಭ ಇಷ್ಟೇ. ಪೇಪರಲ್ಲಿ ಮರದ ಸುದ್ದಿ ಬಂದ್ರೆ ನಾನು ಸಂಖ್ಯೆ ಬಿಟ್ಟು ಯಾವ ರಸ್ತೆ, ಯಾವ ಮರ ಅಂತ ಹುಡುಕ್ತೀನಿ. ಅದನ್ನ ಬರೆಯೋರೇ ಕಡಿಮೆ.

— ಮಳೆಗೆ ಬಿದ್ದ ಮರ ಆದ್ರೆ ಬರೀತಾರೆ. ಕಾರಿನ ಮೇಲೆ ಬಿದ್ದ ಫೋಟೊ ಸಮೇತ.

— ಅದೂ ಮರದ್ದೇ ತಪ್ಪು ಅನ್ನೋ ಹಾಗೆ. 2024ರ ಜೂನ್ ಎರಡನೇ ತಾರೀಕು ಒಂದೇ ದಿನ 111 ಮಿಲಿಮೀಟರ್ ಮಳೆ ಬಂತಲ್ಲ, ಜೂನಿನಲ್ಲಿ ಅಷ್ಟು ಮಳೆ 133 ವರ್ಷದಲ್ಲಿ ಬಂದಿರಲಿಲ್ಲ. ಊರಲ್ಲಿ ನೂರಾರು ಮರ ಉರುಳಿತು. ಮಾರನೇ ದಿನ ನಾನು ಕೊಡೆ ಹಿಡ್ಕೊಂಡು ಈ ನಾಲ್ಕು ಕ್ರಾಸ್ ಸುತ್ತಿ ನೋಡಿದೆ. ಬಿದ್ದ ಗುಲ್‌ಮೊಹರಿನ ಬುಡದಲ್ಲಿ ಒಂದು ಕಡೆ ಬೇರೇ ಇರಲಿಲ್ಲ, ಕೇಬಲ್ ಹಾಕೋಕೆ ಅಗೆದಾಗ ಕತ್ತರಿಸಿ ಮುಚ್ಚಿದ್ರು. ಇನ್ನೊಂದಕ್ಕೆ ಕಾಂಡದ ಕುತ್ತಿಗೆವರೆಗೂ ಸಿಮೆಂಟು. ಸಾಲದ್ದಕ್ಕೆ ಗುಲ್‌ಮೊಹರಿನ ಬೇರು ಆಳಕ್ಕೆ ಹೋಗೋದೇ ಕಡಿಮೆ, ಕೊಂಬೆಯೂ ಗಟ್ಟಿಯಿಲ್ಲ. ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಬೇಕು ಅನ್ನೋದು ಯಾರಿಗೂ ಗೊತ್ತಿಲ್ಲದ ವಿದ್ಯೆ ಅಲ್ಲ. ಎದುರುಮನೆಯವರು ಫುಟ್‌ಪಾತ್ ಮಾಡಿಸುವಾಗ ನಾನು ಹೋಗಿ ನಿಂತೆ. ಮೇಸ್ತ್ರಿ ಗೊಣಗಿಕೊಂಡೇ ಬಿಟ್ಟ. ಈಗ ಅಲ್ಲಿ ಹೊಂಗೆ ಬುಡದಲ್ಲಿ ಮಣ್ಣು ಕಾಣುತ್ತೆ ನೋಡು.

— ಕಾಣುತ್ತೆ. ಅದನ್ನೂ ಈಗಲೇ ನೋಡಿದ್ದು. ಸರಿ ಚಿಕ್ಕಮ್ಮ, ಒಬ್ಬರು ಮೇಸ್ತ್ರಿ ಹತ್ತಿರ ಹೋಗಿ ನಿಲ್ಲಬಹುದು. ಸಾವಿರಾರು ಕೋಟಿ ಯೋಜನೆ ಮುಂದೆ ಯಾರು ಹೋಗಿ ನಿಲ್ಲೋದು?

— ನಿಂತಿದ್ದಾರೆ. ನಿನ್ನ ಹೆಬ್ಬಾಳದ್ದೇ ಉದಾಹರಣೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಉಕ್ಕಿನ ಸೇತುವೆ ಅಂತ ಹೊರಟಿದ್ರಲ್ಲ, ಎಂಟುನೂರಕ್ಕೂ ಹೆಚ್ಚು ಮರ ಹೋಗ್ತಿತ್ತು. 2016ರ ಅಕ್ಟೋಬರಲ್ಲಿ ಸಾವಿರಾರು ಜನ ರಸ್ತೆ ಬದೀಲಿ ಕೈ ಕೈ ಹಿಡಿದು ನಿಂತ್ರು. 2017ರ ಮಾರ್ಚಲ್ಲಿ ಸರ್ಕಾರವೇ ಕೈಬಿಡ್ತು. ಮೇಖ್ರಿ ಸರ್ಕಲಲ್ಲಿ ನೀನು ಕೂತಿರ್ತೀಯಲ್ಲ, ಆ ದಾರಿಯ ಎಷ್ಟೋ ಮರ ಇವತ್ತು ಇರೋದು ಅವತ್ತು ನಿಂತೋರಿಂದ.

— ಅದಕ್ಕೇ ಇವತ್ತು ನಾನು ಅಲ್ಲೇ ಸಿಕ್ಕಿಹಾಕ್ಕೊಂಡಿರೋದು ಅಂತಲೂ ಹೇಳಬಹುದು.

— ಹೇಳು, ತಪ್ಪೇನಿಲ್ಲ. ನೆರಳಲ್ಲಿ ಸಿಕ್ಕಿಹಾಕ್ಕೊಂಡಿದ್ದೀ ಅಂತ ಸೇರಿಸಿ ಹೇಳು.

— ನಾನು ಸುರಂಗ ಬೇಡ ಅಂತ ಬರೆದುಕೊಡಲ್ಲ ಚಿಕ್ಕಮ್ಮ, ನಿಮ್ಮಾಣೆ. ಆದ್ರೆ ಅದರ ಬಾಯಿ ಲಾಲ್‌ಬಾಗಲ್ಲಿ ಬೇಡ, ಯಾವ ಪಾರ್ಕಲ್ಲೂ ಬೇಡ ಅಂತ ಬರೀಬಹುದು. ಅಂಥದ್ದನ್ನ ಯಾರಿಗೆ ಬರೆಯೋದು?

— ಅಷ್ಟು ಬರೆದ್ರೆ ಸಾಕು, ನಿನ್ನನ್ನ ನಾನು ಪೂರ್ತಿ ಬದಲಾಯಿಸಬೇಕಿಲ್ಲ. ವೃಕ್ಷ ಅಧಿಕಾರಿ ಅಂತ ಇರ್ತಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಅವರ ಅಪ್ಪಣೆ ಇಲ್ಲದೆ ಮರ ಕಡಿಯೋ ಹಾಗಿಲ್ಲ, ನಿನ್ನ ಕಾಂಪೌಂಡಿನ ಮರ ಆದ್ರೂ. ಐವತ್ತಕ್ಕಿಂತ ಹೆಚ್ಚು ಮರ ಅಂದ್ರೆ ಅವರು ಸಾರ್ವಜನಿಕ ನೋಟಿಸು ಹೊರಡಿಸಿ ಆಕ್ಷೇಪಣೆ ಕೇಳಲೇಬೇಕು. ನೋಟಿಸು ಬಂದ ಮೇಲೆ ಅದಕ್ಕೊಂದು ಗಡುವು ಇರುತ್ತೆ, ಗಡುವಿನೊಳಗೆ ಬರೀಬೇಕು. ‘ಮರ ಕಡಿಯಬೇಡಿ’ ಅಂತ ಸುಮ್ಮನೆ ಬರೆದ್ರೆ ಫೈಲಿಗೆ ಹೋಗುತ್ತೆ. ಇಂಥಾ ರಸ್ತೆ, ಇಂಥಾ ಕಂಬದ ಪಕ್ಕ, ಇಂಥಾ ಜಾತಿ ಮರ, ಇಷ್ಟು ದಪ್ಪ, ಇಂಥಾ ಹಕ್ಕಿ ಗೂಡು ಕಟ್ಟಿದೆ, ಇದನ್ನ ಬಿಟ್ಟು ಎರಡು ಅಡಿ ಆಚೆ ಹೋಗಬಹುದು ಅಂತ ಬರೀಬೇಕು. ಆಗ ಅಧಿಕಾರಿ ಬಂದು ನೋಡಿ ಉತ್ತರ ಬರೀಲೇಬೇಕಾಗುತ್ತೆ. ಹಾಗೆ ಬರೆಯೋಕೆ ಮೊದಲು ಮರ ನೋಡಿರಬೇಕಲ್ಲ.

— ನಮ್ಮ ಅಪಾರ್ಟ್‌ಮೆಂಟಿನ ಬೀದೀಲಿ ಇರೋ ಮರವೆಲ್ಲ ಸೇರಿಸಿದ್ರೂ ಐವತ್ತು ಆಗಲ್ವಲ್ಲ?

— ಈ ಊರಿನ ಎಷ್ಟೋ ಬೀದಿಗಳಲ್ಲಿ ಆಗಲ್ಲ. ಅಲ್ಲೆಲ್ಲ ನೋಟಿಸಿಗೆ ಕಾಯ್ತಾ ಕೂರಬೇಡಿ. ನಾಳೆ ಆಫೀಸಿಗೆ ಹೊರಡೋ ಮುಂಚೆ ನಿಮ್ಮ ಗೇಟಿನ ಪಕ್ಕದ ಮರ ಯಾವುದು ಅಂತ ನೋಡಿ, ನನಗೊಂದು ಫೋಟೊ ಕಳಿಸು.